ಅಡಿಗೆಮನೆ ತೋರಿಸಿ ಊಟ ಹಾಕಿದ ಪಾರಂಪಳ್ಳಿ ಮಯ್ಯರು

ಬೆಂಗಳೂರಿಗೆ ಹೋದ ನಮ್ಮ ಜಿಲ್ಲೆಯವರು ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಮುಂದೆ ಕ್ಯೂ ನಿಂತು ಬಂದದ್ದನ್ನು ಊರಲ್ಲಿ ಹೇಳಿಕೊಂಡು ತಿರುಗುತ್ತಾರೆ. ಆದರೆ ಅದನ್ನು ಕಟ್ಟಿದ ಯಜ್ಞನಾರಾಯಣ ಮಯ್ಯರು ಇಲ್ಲೇ ಕೋಟದ ಹತ್ತಿರದ ಪಾರಂಪಳ್ಳಿಯವರು ಅನ್ನೋದು ಎಷ್ಟು ಮಂದಿಗೆ ಗೊತ್ತಿದೆ?

ಘಟ್ಟ ಹತ್ತಿದ ಮಯ್ಯ ಸಹೋದರರು ಮೊದಲು ಹಿಡಿದದ್ದು ಬೆಂಗಳೂರಿನ ಮನೆಗಳಲ್ಲಿ ಅಡಿಗೆ ಕೆಲಸ. 1924ರಲ್ಲಿ ಲಾಲ್‌ಬಾಗ್ ಬಳಿ ಅವರ ಪುಟ್ಟ ಹೋಟೆಲು ಶುರುವಾಯ್ತು. ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಆಗೆಲ್ಲ ಹೋಟೆಲ್ ಬೋರ್ಡಿನ ಮೇಲೆ ಜಾತಿ ರಾಜಾರೋಷವಾಗಿ ಕೂತಿರುತ್ತಿತ್ತು ಬಿಡಿ.

ಎರಡನೇ ಮಹಾಯುದ್ಧದ ಕಾಲಕ್ಕೆ ಅಕ್ಕಿಗೆ ತತ್ವಾರ ಬಂತು. 1942ರಲ್ಲಿ ಬರ್ಮಾ ಜಪಾನೀಯರ ಪಾಲಾಗಿ ಅಲ್ಲಿನ ಅಕ್ಕಿ ನಿಂತಿತು. ಅಕ್ಕಿ ಇಲ್ಲದೆ ಇಡ್ಲಿ ಎಲ್ಲಿಂದ ಬರಬೇಕು? ರವೆ ಹುರಿದು, ಮೊಸರಲ್ಲಿ ಕಲಸಿ ಬೇಯಿಸಿ ನೋಡಿದರು. ಇವತ್ತು ಮನೆ ಮನೆಯಲ್ಲಿ ಮಾಡುವ ರವೆ ಇಡ್ಲಿ ಹುಟ್ಟಿದ್ದು ಹೀಗೆ ಎಂಬುದು ಎಂ.ಟಿ.ಆರ್.ನವರ ಮಾತು.

ಮಯ್ಯರ ದೊಡ್ಡಸ್ತಿಕೆ ಇಡ್ಲಿಗಿಂತ ಬೇರೆ ಕಡೆ ಇದೆ. 1951ರಲ್ಲಿ ಈ ಮನುಷ್ಯ ಅಲ್ಲಿನ ಹೋಟೆಲು ಹೇಗೆ ನಡೀತವೆ ಅಂತ ನೋಡೋದಕ್ಕೆ ಯುರೋಪಿಗೇ ಹೋದರು. ಕಣ್ಣಿಗೆ ಬಿದ್ದದ್ದು ಅಲ್ಲಿನ ಚೊಕ್ಕಟ. ವಾಪಸು ಬಂದವರು ಲೋಟ, ತಟ್ಟೆ, ಚಮಚಗಳನ್ನು ಕ್ರಿಮಿ ಸಾಯುವ ಹಾಗೆ ಬಿಸಿ ಮಾಡಿ ತೊಳೆಯುವ ಏರ್ಪಾಡು ಮಾಡಿದರು. ಆರೋಗ್ಯದ ಬಗ್ಗೆ ಪುಟ್ಟ ಪುಸ್ತಕ ಅಚ್ಚು ಹಾಕಿಸಿ ಗಿರಾಕಿಗಳಿಗೆ ಹಂಚಿದರು. ಊಟಕ್ಕೆ ಬಂದವರು ಅಡಿಗೆಮನೆ ಹಾದುಕೊಂಡೇ ಒಳಗೆ ಹೋಗಬೇಕು ಎಂಬ ಪದ್ಧತಿಯೂ ಆ ಹೋಟೆಲಿನದೇ. ನಮ್ಮ ಪೇಟೆಯ ಹೋಟೆಲುಗಳಲ್ಲಿ ಅಡಿಗೆಮನೆ ಬಾಗಿಲಿಗೆ ಪ್ರವೇಶವಿಲ್ಲ ಎಂಬ ಬೋರ್ಡು ತೂಗುತ್ತಿರುತ್ತೆ. ಯಾಕೆ ಅಂತ ಯಾರೂ ಕೇಳೋದಿಲ್ಲ.

1960ರಲ್ಲಿ ಹೋಟೆಲು ಈಗಿನ ಕಟ್ಟಡಕ್ಕೆ ಬಂತು. ಬೋರ್ಡಿನಿಂದ ಜಾತಿ ಇಳಿದು ಬಡಾವಣೆಯ ಹೆಸರು ಏರಿತು: ಮಾವಳ್ಳಿ ಟಿಫಿನ್ ರೂಮ್ಸ್. ಒಳ್ಳೆಯದೇ ಆಯ್ತು.

ಮಯ್ಯರು 1968ರಲ್ಲಿ ತೀರಿಕೊಂಡರು. ಅವರು ಹಾಕಿಕೊಟ್ಟ ಗೆರೆ ಎಷ್ಟು ಗಟ್ಟಿ ಎಂಬುದು ತುರ್ತು ಪರಿಸ್ಥಿತಿಯಲ್ಲಿ ಗೊತ್ತಾಯ್ತು. ಸರ್ಕಾರ ಊಟ ತಿಂಡಿಯ ದರ ಇಳಿಸಿ ಕಟ್ಟು ಮಾಡಿತು. ಆ ದರಕ್ಕೆ ಮೊದಲಿನ ತುಪ್ಪ, ಮೊದಲಿನ ಬೇಳೆ ಹಾಕಿದರೆ ಕೈಯಿಂದಲೇ ಹೋಗುತ್ತೆ. ಸಾಂಬಾರಿಗೆ ನೀರು ಹೊಯ್ದು ದಿನ ದೂಡುವುದು ಕಷ್ಟವಿರಲಿಲ್ಲ, ಹಾಗೆ ಮಾಡಿದ ಹೋಟೆಲುಗಳು ಬೇಕಾದಷ್ಟು. ಮಯ್ಯರ ಮನೆಯವರು ಹೋಟೆಲನ್ನೇ ಮುಚ್ಚಿದರು. ಕೆಲಸದವರನ್ನು ಬೀದಿಗೆ ಬಿಡದೆ ಪುಡಿಗಳನ್ನು, ದಿಢೀರ್ ತಿಂಡಿ ಹಿಟ್ಟುಗಳನ್ನು ಪ್ಯಾಕೆಟ್ ಮಾಡಿ ಮಾರುವ ದಾರಿ ಹಿಡಿದರು. ಹೋಟೆಲು ಮತ್ತೆ ತೆರೆದದ್ದು ಆಮೇಲೆ.

ಪ್ಯಾಕೆಟ್ ಕಂಪನಿ 2007ರಲ್ಲಿ ನಾರ್ವೆಯ ಆರ್ಕ್ಲಾದವರ ಪಾಲಾಯಿತು. ಹೋಟೆಲು ಮಾತ್ರ ಕುಟುಂಬದ ಕೈಯಲ್ಲೇ ಉಳಿದಿದೆ. ಬೆಂಗಳೂರಿಗೆ ಹೋಗುವವರು ರವೆ ಇಡ್ಲಿಗೆ ತುಪ್ಪ ಹಾಕಿಸಿಕೊಂಡು ತಿನ್ನಿ, ಬೆಳ್ಳಿ ಲೋಟದಲ್ಲಿ ಕಾಫಿ ಕುಡಿಯಿರಿ. ಭಾನುವಾರ ಬೆಳಿಗ್ಗೆ ಮಾತ್ರ ಬೇಡ, ನಿಂತು ನಿಂತು ಕಾಲು ಸೋತೀತು.