ಜೋ ಲೂಯಿಸ್: ಕೋಟಿಯ ಕಾಳಗ, ಖಾಲಿ ಕೈ

ಹೆವಿವೇಟ್ ಬಾಕ್ಸಿಂಗ್‌ನ ದೊಡ್ಡ ಸ್ಪರ್ಧೆಯೊಂದನ್ನು ಮನೆಯಲ್ಲಿ ಕುಳಿತು ನೋಡಬೇಕೆಂದರೆ ಕೇಬಲ್ ಟಿ.ವಿ. ಕಾಲದ ಅಮೆರಿಕದ ಪ್ರೇಕ್ಷಕ ಕೇಬಲ್ ಬಾಡಿಗೆಯ ಜೊತೆಗೆ ಆ ಒಂದು ರಾತ್ರಿಗೆಂದೇ ಪ್ರತ್ಯೇಕ ಹಣ ತೆರಬೇಕಾಗುತ್ತಿತ್ತು. 1997ರ ಜೂನ್‌ನಲ್ಲಿ ಇವಾಂಡರ್ ಹೋಲಿಫೀಲ್ಡ್ ಮತ್ತು ಮೈಕ್ ಟೈಸನ್ ನಡುವೆ ನಡೆದ ಎರಡನೇ ಕಾಳಗಕ್ಕೆ ಮನೆಯೊಂದಕ್ಕೆ ಸುಮಾರು 50 ಡಾಲರ್ ದರವಿತ್ತು. ಸುಮಾರು 20 ಲಕ್ಷ ಮನೆಗಳು ಅದನ್ನು ಕೊಂಡವು. ಹೋಲಿಫೀಲ್ಡ್‌ಗೆ 3.5 ಕೋಟಿ, ಟೈಸನ್‌ಗೆ 3 ಕೋಟಿ ಡಾಲರ್ ಸಂಭಾವನೆ ಗೊತ್ತಾಗಿತ್ತು. ಪೇ-ಪರ್-ವ್ಯೂ ಎಂಬ ಈ ಪದ್ಧತಿಯ ದರ ನ್ಯಾಯವೇ, ಎರಡು ಕೈಗಳ ಹೊಡೆತಕ್ಕೆ ಇಷ್ಟು ಸಂಭಾವನೆ ಸಲ್ಲಬೇಕೇ ಎಂಬ ಚರ್ಚೆ ಪ್ರತಿ ದೊಡ್ಡ ಸ್ಪರ್ಧೆಯ ಜೊತೆಗೂ ಮರಳಿ ಬರುತ್ತದೆ. ಆ ಚರ್ಚೆಗೆ ಉತ್ತರ ಹುಡುಕುವವರು ಜೋ ಲೂಯಿಸ್ ಅವರ ಬದುಕನ್ನು ಒಮ್ಮೆ ನೋಡುವುದು ಒಳಿತು. ಹಣ ಕೊಟ್ಟು ಪರದೆಯ ಮೇಲೆ ಬಾಕ್ಸಿಂಗ್ ಅನ್ನು ನೇರವಾಗಿ ನೋಡುವ ಪದ್ಧತಿಯ ಆರಂಭದ ಹೆಜ್ಜೆಗಳಲ್ಲಿ ಅವರ ಕಾಳಗವೂ ಒಂದು. ಲಕ್ಷಾಂತರ ಡಾಲರ್ ದುಡಿದೂ ಬರಿಗೈಯಲ್ಲಿ ನಿಂತವರೂ ಅವರೇ.

ಹತ್ತಿ ಹೊಲದಿಂದ ಡೆಟ್ರಾಯಿಟ್‌ಗೆ

ಜೋಸೆಫ್ ಲೂಯಿಸ್ ಬ್ಯಾರೊ ಜನಿಸಿದ್ದು 1914ರ ಮೇ 13ರಂದು, ಅಮೆರಿಕದ ದಕ್ಷಿಣ ಭಾಗದ ಅಲಬಾಮಾ ರಾಜ್ಯದಲ್ಲಿ. ಗುಲಾಮಗಿರಿ ಕಾನೂನಿನಲ್ಲಿ ಅಳಿದಿದ್ದರೂ ಕಪ್ಪು ಜನರ ಬದುಕು ಹೆಚ್ಚೇನೂ ಬದಲಾಗಿರದ ಕಾಲವದು. ಕುಟುಂಬ ಇತರರ ಹೊಲವನ್ನು ಪಾಲಿಗೆ ಮಾಡಿ ಹತ್ತಿ ಬೆಳೆಯುತ್ತಿತ್ತು. ತಂದೆ ಮಾನಸಿಕ ಚಿಕಿತ್ಸಾಲಯ ಸೇರಿದ್ದರಿಂದ ಮಕ್ಕಳ ಹೊರೆ ತಾಯಿ ಲಿಲ್ಲಿ ಅವರ ಮೇಲೆ ಬಿತ್ತು. 1926ರಲ್ಲಿ ಕುಟುಂಬ ಕೆಲಸ ಅರಸಿ ಕಾರು ಕಾರ್ಖಾನೆಗಳ ನಗರ ಡೆಟ್ರಾಯಿಟ್‌ಗೆ ವಲಸೆ ಹೋಯಿತು.

ಮಗ ಪಿಟೀಲು ಕಲಿಯಲೆಂದು ತಾಯಿ ಕೊಡುತ್ತಿದ್ದ ಹಣ ವ್ಯಾಯಾಮಶಾಲೆಯ ಶುಲ್ಕವಾಯಿತೆಂಬ ಕಥೆ ಅಮೆರಿಕದಲ್ಲಿ ಇಂದಿಗೂ ಜನಜನಿತ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕುಟುಂಬ ಸರಕಾರಿ ಪರಿಹಾರದ ಹಣದಲ್ಲಿ ದಿನ ದೂಡಿತ್ತು. ಮುಂದೆ ಸಂಪಾದನೆ ಕೈಗೂಡಿದಾಗ ಲೂಯಿಸ್ ಆ ಹಣವನ್ನು ಹಿಂದಿರುಗಿಸಿದರು. ಕೊಡುಗೈ ಎಂಬುದು ಅವರ ಬದುಕಿನುದ್ದಕ್ಕೂ ಇದ್ದ ಗುಣ; ಅವರ ಕಷ್ಟಕ್ಕೂ ಅದು ಒಂದಿಷ್ಟು ಕಾರಣವಾಯಿತು.

1934ರಲ್ಲಿ ಹವ್ಯಾಸಿ ವಿಭಾಗದ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಅವರು ಅದೇ ವರ್ಷದ ಜುಲೈ 4ರಂದು ಷಿಕಾಗೊದಲ್ಲಿ ವೃತ್ತಿಪರ ಬಾಕ್ಸರ್ ಆದರು. ಮೊದಲ ಸುತ್ತಿನಲ್ಲೇ ಗೆದ್ದ ಆ ಸ್ಪರ್ಧೆಯಿಂದ ಬಂದ ಸಂಭಾವನೆ 60 ಡಾಲರ್‌ಗೂ ಕಡಿಮೆ.

ನಡುವೆ ನಿಂತವರ ಪಾಲು

ಹಳೇ ಮೈಸೂರು ಸೀಮೆಯ ಕುಸ್ತಿ ಬಲ್ಲವರಿಗೆ ಮುಂದಿನ ಕಥೆ ತೀರ ಅಪರಿಚಿತವಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಜಾತ್ರೆಯಾಗಲಿ, ಮೈಸೂರು ದಸರೆಯಾಗಲಿ, ಜೋಡಿ ಕಟ್ಟುವವರಿಲ್ಲದೆ ಪೈಲ್ವಾನ ಮಟ್ಟಿಗೆ ಇಳಿಯಲಾರ. ಹಿಂದೆ ಅರಮನೆ, ಆನಂತರ ಊರಿನ ಹಿರಿಯರು ಮತ್ತು ಉಸ್ತಾದರು ಆ ಕೆಲಸ ಮಾಡುತ್ತಾ ಬಂದರು. ಅಲ್ಲಿ ಬಹುಮಾನ ಚಿಕ್ಕದು, ಆದರೆ ಬೆಳ್ಳಿ ಗದೆಯಾಗಲಿ ನಗದಾಗಲಿ ಗೆದ್ದವನ ಕೈಗೆ ಜನರ ಕಣ್ಣೆದುರಿಗೇ ಸೇರುತ್ತದೆ. ಅಮೆರಿಕದ ಬಾಕ್ಸಿಂಗ್‌ನಲ್ಲಿ ಜೋಡಿ ಕಟ್ಟುವವನೇ ವ್ಯಾಪಾರಿ. ಅವನಿಗೆ ಪ್ರೊಮೋಟರ್ ಎಂದು ಹೆಸರು. ಟಿಕೆಟ್ ಹಣ ಮೊದಲು ಅವನ ಗಲ್ಲಾಪೆಟ್ಟಿಗೆಗೆ ಬಂದು, ಪಾಲುಗಳು ಕಳೆದು, ಕೊನೆಗೆ ಬಾಕ್ಸರ್‌ನ ಕೈ ಮುಟ್ಟುತ್ತದೆ.

ಲೂಯಿಸ್ ಅವರಿಗೆ ಜಾನ್ ರಾಕ್ಸ್‌ಬರೊ ಮತ್ತು ಜೂಲಿಯನ್ ಬ್ಲ್ಯಾಕ್ ಎಂಬ ಇಬ್ಬರು ವ್ಯವಸ್ಥಾಪಕರಿದ್ದರು. ಅವರೂ ಕಪ್ಪು ಜನಾಂಗದವರೇ. ಇಬ್ಬರೂ ಸೇರಿ ಸಂಭಾವನೆಯ ಅರ್ಧವನ್ನು ಪಡೆಯುತ್ತಿದ್ದರು. ಈ ಪಾಲು ಹೆಚ್ಚೆಂದು ಕಂಡರೂ ಅದಕ್ಕೊಂದು ಹಿನ್ನೆಲೆಯಿತ್ತು. 1908ರಿಂದ 1915ರವರೆಗೆ ಚಾಂಪಿಯನ್ ಆಗಿದ್ದ ಜಾಕ್ ಜಾನ್ಸನ್ ನಂತರ ಎರಡು ದಶಕಗಳ ಕಾಲ ಯಾವ ಕಪ್ಪು ಬಾಕ್ಸರ್‌ಗೂ ಹೆವಿವೇಟ್ ಪ್ರಶಸ್ತಿಗೆ ಸೆಣಸುವ ಅವಕಾಶ ದೊರೆತಿರಲಿಲ್ಲ. ಮುಚ್ಚಿದ ಬಾಗಿಲನ್ನು ತೆರೆಸಬಲ್ಲವರು ಬೇಕಿತ್ತು. ಅದರ ಬೆಲೆಯನ್ನು ಲೂಯಿಸ್ ತಮ್ಮ ದುಡಿಮೆಯಿಂದ ತೆತ್ತರು.

1935ರಲ್ಲಿ ನ್ಯೂಯಾರ್ಕ್‌ನ ಪ್ರೊಮೋಟರ್ ಮೈಕ್ ಜೇಕಬ್ಸ್ ಅವರ ಕೈಹಿಡಿದರು. ಆ ವರ್ಷದ ಜೂನ್‌ನಲ್ಲಿ ಪ್ರಿಮೊ ಕಾರ್ನೆರಾ, ಸೆಪ್ಟೆಂಬರ್‌ನಲ್ಲಿ ಮ್ಯಾಕ್ಸ್ ಬೇರ್ ಸೋತರು. ಬೇರ್ ವಿರುದ್ಧದ ಕಾಳಗದ ಟಿಕೆಟ್ ಸಂಗ್ರಹ 10 ಲಕ್ಷ ಡಾಲರ್ ಮುಟ್ಟಿತು. ವರ್ಷದ ಹಿಂದೆ 60 ಡಾಲರ್ ಕಾಣದಿದ್ದ ತರುಣನ ಹೆಸರಿಗೆ ಈಗ ಎರಡು ಲಕ್ಷ ಡಾಲರ್‌ಗೂ ಹೆಚ್ಚು ಬಂತು.

1937ರ ಜೂನ್ 22ರಂದು ಷಿಕಾಗೊದಲ್ಲಿ ಜೇಮ್ಸ್ ಬ್ರ್ಯಾಡಕ್ ಅವರನ್ನು ಎಂಟನೇ ಸುತ್ತಿನಲ್ಲಿ ಕೆಡವಿ ಲೂಯಿಸ್ ವಿಶ್ವ ಚಾಂಪಿಯನ್ ಆದರು. ಆ ಅವಕಾಶವೂ ಪುಕ್ಕಟೆಯಾಗಿರಲಿಲ್ಲ. ಮುಂದಿನ ಹತ್ತು ವರ್ಷ ಹೆವಿವೇಟ್ ಪ್ರಶಸ್ತಿ ಸ್ಪರ್ಧೆಗಳಿಂದ ಬರುವ ಗಳಿಕೆಯಲ್ಲಿ ಶೇ 10ರ ಪಾಲನ್ನು ಬ್ರ್ಯಾಡಕ್ ಕಡೆಯವರು ಮೊದಲೇ ಬರೆಸಿಕೊಂಡಿದ್ದರು.

ಪುಕ್ಕಟೆ ರೇಡಿಯೊ, ನೂರು ಡಾಲರ್ ಕುರ್ಚಿ

1938ರ ಜೂನ್ 22ರ ರಾತ್ರಿ ನ್ಯೂಯಾರ್ಕ್‌ನ ಯಾಂಕೀ ಸ್ಟೇಡಿಯಂನಲ್ಲಿ ಲೂಯಿಸ್ ಎದುರು ನಿಂತವರು ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್. ಎರಡು ವರ್ಷದ ಹಿಂದೆ ಲೂಯಿಸ್ ಅವರಿಗೆ ವೃತ್ತಿಜೀವನದ ಮೊದಲ ಸೋಲುಣಿಸಿದವರು ಅವರು. ಹಿಟ್ಲರನ ಆಡಳಿತ ಆ ಗೆಲುವನ್ನು ಜನಾಂಗ ಶ್ರೇಷ್ಠತೆಯ ಪ್ರಚಾರಕ್ಕೆ ಬಳಸಿಕೊಂಡಿತ್ತು. ಎರಡನೇ ಕಾಳಗ 124 ಸೆಕೆಂಡುಗಳಲ್ಲಿ ಮುಗಿಯಿತು. ಲೂಯಿಸ್ ಗೆದ್ದರು. ಕ್ರೀಡಾಂಗಣದಲ್ಲಿದ್ದವರು ಸುಮಾರು 70 ಸಾವಿರ. ರೇಡಿಯೊ ಮುಂದೆ ಕುಳಿತಿದ್ದವರು ಹಲವು ಕೋಟಿ. ಟಿಕೆಟ್ ಕೊಳ್ಳಲಾರದ ಬಡ ಕಪ್ಪು ಕುಟುಂಬಗಳಿಗೆ ಆ ರೇಡಿಯೊ ಪ್ರಸಾರವೇ ಕ್ರೀಡಾಂಗಣವಾಯಿತು. ಕೇಳಲು ಅವರು ಕಾಸು ಕೊಡಬೇಕಿರಲಿಲ್ಲ.

ಎರಡನೇ ಮಹಾಯುದ್ಧ ಬಂತು. 1942ರ ಜನವರಿಯಲ್ಲಿ ಬಡ್ಡಿ ಬೇರ್ ವಿರುದ್ಧದ ಕಾಳಗದ ತಮ್ಮ ಸಂಭಾವನೆಯನ್ನು ಲೂಯಿಸ್ ನೌಕಾಪಡೆಯ ಪರಿಹಾರ ನಿಧಿಗೆ ಕೊಟ್ಟರು. ಮಾರ್ಚ್‌ನಲ್ಲಿ ಏಬ್ ಸೈಮನ್ ವಿರುದ್ಧ ಗಳಿಸಿದ್ದು ಭೂಸೇನೆಯ ನಿಧಿಗೆ ಹೋಯಿತು. ಈ ನಡುವೆ ಅವರೇ ಸಾಮಾನ್ಯ ಸೈನಿಕರಾಗಿ ಸೇನೆ ಸೇರಿದ್ದರು. ಆಗ ಸೈನಿಕನ ಮಾಸಿಕ ವೇತನ 21 ಡಾಲರ್. ಸುಮಾರು ನಾಲ್ಕು ವರ್ಷ ಅವರು ಸೈನಿಕರ ಮುಂದೆ ಪ್ರದರ್ಶನ ಸ್ಪರ್ಧೆಗಳನ್ನು ಆಡಿದರು. ಮನೆಯ ಖರ್ಚು ಮಾತ್ರ ನಿಲ್ಲಲಿಲ್ಲ. ಪ್ರೊಮೋಟರ್ ಹಾಗೂ ವ್ಯವಸ್ಥಾಪಕರಲ್ಲಿ ಸಾಲ ಬೆಳೆಯಿತು.

ಯುದ್ಧಾನಂತರ, 1946ರ ಜೂನ್ 19ರಂದು ಬಿಲ್ಲಿ ಕಾನ್ ವಿರುದ್ಧ ನಡೆದ ಕಾಳಗದಲ್ಲಿ ರಿಂಗ್ ಪಕ್ಕದ ಕುರ್ಚಿಗೆ ಜೇಕಬ್ಸ್ 100 ಡಾಲರ್ ದರವಿಟ್ಟರು. ಅಂದಿನ ವಿನಿಮಯ ದರದಲ್ಲಿ ಅದು 330 ರೂಪಾಯಿ. ಅಮೆರಿಕದ ಕಾರ್ಖಾನೆ ಕಾರ್ಮಿಕನ ಎರಡು ವಾರದ ಸಂಬಳಕ್ಕಿಂತ ಹೆಚ್ಚು. 45 ಸಾವಿರ ಜನ ಸೇರಿದರು. ಸಂಗ್ರಹ 19 ಲಕ್ಷ ಡಾಲರ್ ದಾಟಿತು. ದೂರದರ್ಶನದಲ್ಲಿ ಬಿತ್ತರವಾದ ಮೊದಲ ಹೆವಿವೇಟ್ ಪ್ರಶಸ್ತಿ ಕಾಳಗ ಕೂಡ ಇದೇ. ಲೂಯಿಸ್ ಪಾಲಿಗೆ ಬಂದದ್ದು ಸುಮಾರು 6 ಲಕ್ಷ ಡಾಲರ್. ವ್ಯವಸ್ಥಾಪಕರ ಪಾಲು, ಹಳೆಯ ಸಾಲ ಮತ್ತು ತೆರಿಗೆ ಆ ಹಣದ ಬಹುಭಾಗವನ್ನು ನುಂಗಿದವು. ಅತ್ಯಧಿಕ ವರಮಾನದ ಮೇಲಿನ ತೆರಿಗೆ ದರ ಯುದ್ಧದ ಕೊನೆಯ ವರ್ಷಗಳಲ್ಲಿ ಶೇ 94ಕ್ಕೆ ಏರಿತ್ತೆಂಬುದನ್ನು ಇಲ್ಲಿ ನೆನೆಯಬೇಕು.

ಚಿತ್ರಮಂದಿರದೊಳಗೆ ಬಾಕ್ಸಿಂಗ್

ಸತತ 25 ಬಾರಿ ಪ್ರಶಸ್ತಿ ಉಳಿಸಿಕೊಂಡು, ಹನ್ನೊಂದೂವರೆ ವರ್ಷಕ್ಕೂ ಹೆಚ್ಚು ಕಾಲ ಚಾಂಪಿಯನ್ ಆಗಿದ್ದ ಲೂಯಿಸ್ 1949ರ ಮಾರ್ಚ್ 1ರಂದು ನಿವೃತ್ತರಾದರು. ಆದರೆ ಆದಾಯ ತೆರಿಗೆ ಇಲಾಖೆ ಹಳೆಯ ಲೆಕ್ಕಗಳನ್ನು ಬಿಚ್ಚಿತ್ತು. ಬಾಕಿ 5 ಲಕ್ಷ ಡಾಲರ್ ಮೀರಿತ್ತು. ತೀರಿಸಲು ಅವರಿಗೆ ಗೊತ್ತಿದ್ದ ದಾರಿ ರಿಂಗ್ ಒಂದೇ. 1950ರ ಸೆಪ್ಟೆಂಬರ್‌ನಲ್ಲಿ ಮರಳಿ ಬಂದ ಅವರು ಎಜ್ಜರ್ಡ್ ಚಾರ್ಲ್ಸ್ ಎದುರು 15 ಸುತ್ತು ಕಾದಾಡಿ ಅಂಕಗಳಲ್ಲಿ ಸೋತರು.

1951ರ ಜೂನ್ 15ರ ಸ್ಪರ್ಧೆಗೆ ಇತಿಹಾಸದಲ್ಲಿ ಬೇರೆಯದೇ ಸ್ಥಾನವಿದೆ. ಲೀ ಸಾವೋಲ್ಡ್ ವಿರುದ್ಧ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ಈ ಕಾಳಗವನ್ನು ಮನೆಯ ಟಿ.ವಿ.ಗೆ ಕೊಡಲಿಲ್ಲ. ಆರು ನಗರಗಳ ಕೆಲವೇ ಚಿತ್ರಮಂದಿರಗಳ ಪರದೆಗೆ ನೇರವಾಗಿ ಕಳುಹಿಸಲಾಯಿತು. ಟಿಕೆಟ್ ಕೊಂಡವರಿಗಷ್ಟೇ ನೋಟ. ಲೂಯಿಸ್ ಆರನೇ ಸುತ್ತಿನಲ್ಲಿ ಗೆದ್ದರು. ಮುಂದೆ ಮುಹಮ್ಮದ್ ಅಲಿ ಕಾಲದ ಚಿತ್ರಮಂದಿರ ಪ್ರದರ್ಶನಗಳು, ಅದರ ನಂತರದ ಮನೆ ಮನೆಯ ಪೇ-ಪರ್-ವ್ಯೂ ಬೆಳೆದದ್ದು ಇದೇ ಬೀಜದಿಂದ. ಹದಿಮೂರು ವರ್ಷದ ಹಿಂದೆ ಇದೇ ಬಾಕ್ಸರ್‌ನ ಗೆಲುವನ್ನು ಇಡೀ ದೇಶ ಪುಕ್ಕಟೆಯಾಗಿ ಕೇಳಿತ್ತು. ಈಗ ಬಾಗಿಲಲ್ಲಿ ಟಿಕೆಟ್ ಹರಿಯುವವನು ನಿಂತಿದ್ದ.

ಅದೇ ವರ್ಷದ ಅಕ್ಟೋಬರ್ 26ರಂದು, 37ನೇ ವಯಸ್ಸಿನಲ್ಲಿ, ಲೂಯಿಸ್ ಅವರನ್ನು ರಾಕಿ ಮಾರ್ಸಿಯಾನೊ ಎಂಟನೇ ಸುತ್ತಿನಲ್ಲಿ ಕೆಡವಿದರು. ಅಲ್ಲಿಗೆ ಬಾಕ್ಸಿಂಗ್ ಮುಗಿಯಿತು, ಸಾಲ ಮುಗಿಯಲಿಲ್ಲ. ಬಡ್ಡಿ ಸೇರಿ ತೆರಿಗೆ ಬಾಕಿ 10 ಲಕ್ಷ ಡಾಲರ್ ದಾಟಿತು. 1956ರಲ್ಲಿ ಅವರು ಹಣಕ್ಕಾಗಿ ಪ್ರದರ್ಶನ ಕುಸ್ತಿಯ ಕಣಕ್ಕೂ ಇಳಿದರು. 1960ರ ದಶಕದಲ್ಲಿ ಇಲಾಖೆ ಹಳೆಯ ಬಾಕಿಯ ವಸೂಲಿ ಕೈಬಿಟ್ಟು, ಚಾಲ್ತಿ ಆದಾಯಕ್ಕಷ್ಟೇ ತೆರಿಗೆ ಪಡೆಯಲು ಒಪ್ಪಿತು. ಕೊನೆಯ ವರ್ಷಗಳಲ್ಲಿ ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೇಸ್ ಹೋಟೆಲಿನಲ್ಲಿ ಅತಿಥಿಗಳ ಕೈಕುಲುಕಿ ಸ್ವಾಗತಿಸುವುದು ಅವರ ಉದ್ಯೋಗವಾಗಿತ್ತು. 1981ರ ಏಪ್ರಿಲ್ 12ರಂದು ನಿಧನರಾದ ಅವರನ್ನು ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಸೇನಾ ಗೌರವದೊಂದಿಗೆ ಮಣ್ಣು ಮಾಡಲಾಯಿತು. ಅಂತ್ಯಸಂಸ್ಕಾರದ ವೆಚ್ಚದಲ್ಲಿ ಒಂದು ಪಾಲು ಕೊಟ್ಟವರು ಹಳೆಯ ಎದುರಾಳಿ ಷ್ಮೆಲಿಂಗ್.

ನ್ಯಾಯದ ಅಳತೆ ಯಾವುದು?

ಲೂಯಿಸ್ ಅವರ ಕಾಳಗಗಳಿಂದ ಅವರ ಹೆಸರಿಗೆ ಬಂದ ಒಟ್ಟು ಸಂಭಾವನೆ ಸುಮಾರು 46 ಲಕ್ಷ ಡಾಲರ್. ಕೈಗೆ ಸಿಕ್ಕಿದ್ದು ಸುಮಾರು 8 ಲಕ್ಷ ಎಂಬ ಲೆಕ್ಕವಿದೆ. ಪತ್ರಿಕೆಗಳ ತಲೆಬರಹದಲ್ಲಿ ಕಾಣುವ ಮೊತ್ತಕ್ಕೂ ಬಾಕ್ಸರ್‌ನ ಜೇಬಿಗೂ ಇರುವ ದೂರವನ್ನು ಈ ಎರಡು ಅಂಕಿಗಳು ತಿಳಿಸುತ್ತವೆ. ಎಲ್ಲವೂ ಪರರ ತಪ್ಪೆನ್ನುವುದೂ ಸರಿಯಲ್ಲ. ಅವರು ಲೆಕ್ಕ ಇಡಲಿಲ್ಲ, ಗೆಳೆಯರಿಗೆ ಕೇಳಿದಷ್ಟು ಕೊಟ್ಟರು, ಗಾಲ್ಫ್ ಪಂದ್ಯಗಳಲ್ಲಿ ಪಣವೊಡ್ಡಿ ಸೋತರು, ಹೂಡಿದ ವ್ಯಾಪಾರಗಳು ಕೈಕೊಟ್ಟವು. ಕೋಟಿಗಳನ್ನು ಕಂಡ ಟೈಸನ್ ಕೂಡ 2003ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿದರು ಎಂಬುದನ್ನು ಮರೆಯುವಂತಿಲ್ಲ.

ಆದರೂ ಸಂಭಾವನೆ ಅತಿಯಾಯಿತೆನ್ನುವ ವಾದ ನಿಲ್ಲುವುದಿಲ್ಲ. ಜನ ಬಂದದ್ದು ಲೂಯಿಸ್ ಅವರನ್ನು ನೋಡಲು, ಜೇಕಬ್ಸ್ ಅವರನ್ನಲ್ಲ. ತಲೆಗೆ ಏಟು ತಿನ್ನುವ ಈ ವೃತ್ತಿಯ ಆಯುಷ್ಯ ಹತ್ತು ಹದಿನೈದು ವರ್ಷ, ನಿವೃತ್ತಿ ವೇತನವಿಲ್ಲ. ಸಂಗ್ರಹದ ದೊಡ್ಡ ಪಾಲು ಅವನಿಗೇ ಸಲ್ಲಬೇಕಾದದ್ದು ನ್ಯಾಯ. ಆದರೆ ಆ ನ್ಯಾಯ ತಾರೆಯ ಹೆಸರಿನ ಬಾಕ್ಸರ್‌ಗೇ ಮುಗಿಯಬಾರದು. ಅದೇ ರಾತ್ರಿ ಅದೇ ರಿಂಗ್‌ನಲ್ಲಿ ಮೊದಲು ಹೊಡೆದಾಡಿ ಹೋದ ಸಾಮಾನ್ಯ ಬಾಕ್ಸರ್‌ಗಳಿಗೂ ಮೈ ಇದೆ, ಮನೆ ಇದೆ.

ದರದ ಮಾತು ಬೇರೆ. ಹಣ ಉಳ್ಳವನು ರಿಂಗ್ ಪಕ್ಕದ ಕುರ್ಚಿಗೆ ನೂರು ಡಾಲರ್ ಕೊಟ್ಟರೆ ಯಾರಿಗೂ ನಷ್ಟವಿಲ್ಲ, ಉಳಿದವರಿಗೆ ರೇಡಿಯೊ ಇರುವವರೆಗೆ. ಇದ್ದ ಒಂದೇ ಕಿಟಕಿಯನ್ನೂ ಮುಚ್ಚಿ, ಹಣ ತೆತ್ತವನಿಗಷ್ಟೇ ತೆರೆದಾಗ ಆಟವನ್ನು ಬೆಳೆಸಿದ ಬಡ ಅಭಿಮಾನಿ ಹೊರಗುಳಿಯುತ್ತಾನೆ. ಹೆಚ್ಚಿದ ದರ ಬಾಕ್ಸರ್‌ನ ಹೊಟ್ಟೆಗೇ ಎಂಬ ಸಮಜಾಯಿಷಿಯನ್ನು ಲೆಕ್ಕಪುಸ್ತಕ ತೆರೆದಿಟ್ಟರೆ ಮಾತ್ರ ಒಪ್ಪಬಹುದು.

ಅಮೆರಿಕ ಆ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟದ್ದು 2000ದಲ್ಲಿ. ಅಲಿ ಅವರ ಹೆಸರಿನಲ್ಲಿ ಜಾರಿಗೆ ಬಂದ ಕಾಯಿದೆಯ ಪ್ರಕಾರ ಸ್ಪರ್ಧೆಯಿಂದ ತನಗೆಷ್ಟು ಬರುತ್ತದೆಂಬುದನ್ನು ಪ್ರೊಮೋಟರ್ ಬಾಕ್ಸರ್‌ಗೆ ತಿಳಿಸಬೇಕು. ಲೂಯಿಸ್ ತೀರಿಕೊಂಡು ಆಗ 19 ವರ್ಷ ಕಳೆದಿತ್ತು. ಅರ್ಧ ಶತಮಾನ ಮೊದಲೇ ಅಂಥ ಕಾಯಿದೆ ಇದ್ದಿದ್ದರೆ ಅವರು ಧನಿಕರಾಗಿ ಉಳಿಯುತ್ತಿದ್ದರೆಂದು ಹೇಳಲಾಗದು. ತಮ್ಮ ದುಡಿಮೆ ಎಲ್ಲಿಗೆ ಹೋಯಿತೆಂಬುದಾದರೂ ಅವರಿಗೆ ತಿಳಿಯುತ್ತಿತ್ತು.