ಆನೆಕಾಲು ರೋಗ ತಡೆಯುವ ಮಾತ್ರೆ ಕೊಟ್ಟ ಸುಬ್ಬರಾವ್

ವಿಜಯಪುರ: ರೋಗವಿಲ್ಲದವರು ಔಷಧವನ್ನೇಕೆ ಸೇವಿಸಬೇಕು? ಆನೆಕಾಲು ರೋಗದ ಮಾತ್ರೆಯೊಡನೆ ಆರೋಗ್ಯ ಕಾರ್ಯಕರ್ತೆಯರು ಮನೆಬಾಗಿಲಿಗೆ ಬಂದಾಗಲೆಲ್ಲ ಎದುರಾದ ಪ್ರಶ್ನೆಯಿದು. 2004ರಲ್ಲಿ ದೇಶವ್ಯಾಪಿ ಸಾಮೂಹಿಕ ಔಷಧ ಸೇವನೆ ಕಾರ್ಯಕ್ರಮ ಆರಂಭವಾದಾಗ ರಾಜ್ಯದ ರೋಗಪೀಡಿತ ಜಿಲ್ಲೆಗಳ ಸಾಲಿನಲ್ಲಿ ಅಂದಿನ ವಿಜಾಪುರವೂ ಇತ್ತು. ಈಗ ಪ್ರತ್ಯೇಕ ತಾಲ್ಲೂಕುಗಳಾಗಿರುವ ತಿಕೋಟಾ ಹಾಗೂ ಬಬಲೇಶ್ವರ ಅಂದು ವಿಜಾಪುರ ತಾಲ್ಲೂಕಿಗೇ ಸೇರಿದ್ದವು. ಆ ಮಾತ್ರೆಯೇ ಡೈಈಥೈಲ್ ಕಾರ್ಬಮಜೈನ್, ಅರ್ಥಾತ್ ಡಿಇಸಿ. ಅದರ ಶೋಧನೆಯ ನೇತೃತ್ವ ವಹಿಸಿದವರು ಡಾ. ಯಲ್ಲಾಪ್ರಗಡ ಸುಬ್ಬರಾವ್.

1895ರ ಜನವರಿ 12ರಂದು ಆಂಧ್ರದ ಭೀಮವರಂನಲ್ಲಿ ಜನಿಸಿದ ಸುಬ್ಬರಾವ್, ಮೂರನೆಯ ಯತ್ನದಲ್ಲಿ ಮೆಟ್ರಿಕ್ ಉತ್ತೀರ್ಣರಾದರು. ಸ್ಪ್ರೂ ಎಂಬ ಕರುಳಿನ ಕಾಯಿಲೆ ಅವರ ಇಬ್ಬರು ಸಹೋದರರನ್ನು ಕೆಲವೇ ದಿನಗಳ ಅಂತರದಲ್ಲಿ ಬಲಿ ತೆಗೆದುಕೊಂಡಿತು. ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿಯ ಶಸ್ತ್ರಚಿಕಿತ್ಸಾ ಉಡುಪು ತೊಟ್ಟ ಅವರು ಆಂಗ್ಲ ಪ್ರಾಧ್ಯಾಪಕರ ಅಸಮಾಧಾನಕ್ಕೆ ಗುರಿಯಾದರು. ಪೂರ್ಣ ಪದವಿಯ ಬದಲು ಎಲ್‌ಎಂಎಸ್ ಪ್ರಮಾಣಪತ್ರವಷ್ಟೇ ದೊರೆಯಿತು.

1922ರಲ್ಲಿ ಪತ್ನಿಯನ್ನು ಊರಿನಲ್ಲೇ ಬಿಟ್ಟು ಅಮೆರಿಕದ ಬಾಸ್ಟನ್ ತಲುಪಿದರು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಕೆಲಸ ಮಾಡುತ್ತ ಹಾರ್ವರ್ಡ್‌ನಲ್ಲಿ ವ್ಯಾಸಂಗ ನಡೆಸಿದರು. ತಾವು ಕಾಣದ ಶಿಶುಪುತ್ರ ಸೋಂಕಿನಿಂದ ಮೃತಪಟ್ಟ ವಾರ್ತೆಯನ್ನು ಅಲ್ಲಿಯೇ ಕೇಳಬೇಕಾಯಿತು. ಫಿಸ್ಕ್ ಅವರೊಡನೆ ರೂಪಿಸಿದ ರಂಜಕ ಮಾಪನ ವಿಧಾನ 1925ರಲ್ಲಿ ಪ್ರಕಟವಾಗಿ ಖ್ಯಾತಿ ತಂದಿತಾದರೂ ಹಾರ್ವರ್ಡ್‌ನಲ್ಲಿ ಕಾಯಂ ಹುದ್ದೆ ಒಲಿಯಲಿಲ್ಲ.

1940ರಲ್ಲಿ ಲೆಡರ್ಲೆ ಪ್ರಯೋಗಾಲಯ ಸೇರಿದ ಬಳಿಕ ಸಾಧನೆಗಳು ಸಾಲುಗಟ್ಟಿದವು. ಅವರ ತಂಡ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಸಹೋದರರನ್ನು ಕಸಿದ ಸ್ಪ್ರೂ ಕಾಯಿಲೆಗೆ ಅದು ಮದ್ದಾಯಿತು. ಅವರ ನಿರ್ದೇಶನದಲ್ಲಿದ್ದ ಸಂಸ್ಥೆಯಲ್ಲಿ ಡುಗ್ಗರ್, ಟೆಟ್ರಾಸೈಕ್ಲಿನ್ ವರ್ಗದ ಮೊದಲ ಔಷಧ ಆರಿಯೋಮೈಸಿನ್ ಅನ್ನು ಶೋಧಿಸಿದರು. ಇದೇ ವರ್ಗದ ಡಾಕ್ಸಿಸೈಕ್ಲಿನ್ ಅನ್ನು ಇಲಿಜ್ವರದ ಅಪಾಯವಿರುವವರಿಗೆ ಮುನ್ನೆಚ್ಚರಿಕೆಯಾಗಿ ನೀಡುವುದುಂಟು.

ಡಿಇಸಿ ಹೊರಬಂದದ್ದು 1947ರಲ್ಲಿ. ಆನೆಕಾಲು ರೋಗದ ಮರಿಹುಳುಗಳು ರಕ್ತದಲ್ಲಿದ್ದರೂ ವರ್ಷಗಟ್ಟಲೆ ಲಕ್ಷಣ ತೋರದಿರಬಹುದು. ಅಂಥವರನ್ನು ಕಚ್ಚಿದ ಕ್ಯೂಲೆಕ್ಸ್ ಸೊಳ್ಳೆ ಸೋಂಕನ್ನು ನೆರೆಯವರಿಗೆ ದಾಟಿಸುತ್ತದೆ. ಡಿಇಸಿ ಮರಿಹುಳುಗಳನ್ನು ನಾಶಪಡಿಸಿ ಈ ಸರಪಳಿಯನ್ನು ತುಂಡರಿಸುತ್ತದೆ. ಆದರೆ ಬೆಳೆದ ಹುಳುಗಳೆಲ್ಲ ಒಮ್ಮೆಗೇ ಸಾಯವು. ಆದ್ದರಿಂದಲೇ ವರ್ಷಕ್ಕೊಮ್ಮೆ, ಹಲವು ವರ್ಷ, ಆರೋಗ್ಯವಂತರೂ ಸೇವಿಸುವ ಕ್ರಮ ಬಂತು. ಎರಡು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ತೀವ್ರ ಅಸ್ವಸ್ಥರಿಗೆ ಮಾತ್ರ ವಿನಾಯಿತಿ. ಸೇವನೆಯ ನಂತರ ಕೆಲವರಿಗೆ ಬರುವ ಜ್ವರ, ತಲೆಸುತ್ತು ಬಹುಮಟ್ಟಿಗೆ ಹುಳುಗಳು ಸಾಯುತ್ತಿರುವುದರ ಪರಿಣಾಮ. ಮಾತ್ರೆ ಪಡೆದು ನುಂಗದೆ ಎತ್ತಿಟ್ಟವರಿಂದ ಸೋಂಕು ಉಳಿಯುವ ಅಪಾಯವಿರುವುದರಿಂದ ಕಾರ್ಯಕರ್ತೆಯರು ತಮ್ಮೆದುರೇ ಸೇವಿಸುವಂತೆ ಒತ್ತಾಯಿಸುತ್ತಾರೆ.

1948ರ ಆಗಸ್ಟ್‌ನಲ್ಲಿ, 53ನೇ ವಯಸ್ಸಿನಲ್ಲಿ ಸುಬ್ಬರಾವ್ ನ್ಯೂಯಾರ್ಕ್‌ನಲ್ಲಿ ನಿಧನರಾದರು. ತಾಯ್ನಾಡಿಗೆ ಮರಳಲೇ ಇಲ್ಲ. ಜನ್ಮಶತಮಾನೋತ್ಸವದ 1995ರಲ್ಲಿ ಭಾರತ ಸರ್ಕಾರ ಅವರ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು. ಅವರ ಹೆಸರನ್ನೇ ಕೇಳದ ಕೋಟ್ಯಂತರ ಜನರು ಅವರ ಮಾತ್ರೆಯನ್ನು ನುಂಗಿದ್ದಾರೆ.