ವಾರಕ್ಕೆ 24 ಶಿಲಿಂಗ್

1942ರ ಡಿಸೆಂಬರ್. ಯುದ್ಧ ಜೋರಾಗಿ ನಡೀತಿದೆ. ಲಂಡನ್‌ನ ಸರ್ಕಾರಿ ಪುಸ್ತಕ ಮಳಿಗೆ ಮುಂದೆ ಉದ್ದದ ಕ್ಯೂ. ರೇಷನ್‌ಗೆ ಅಲ್ಲ, ಸಿನಿಮಾ ಟಿಕೆಟ್ಟಿಗೂ ಅಲ್ಲ, ಒಂದು ಸರ್ಕಾರಿ ವರದಿಗೆ! ಹೆಸರು ಸೋಷಿಯಲ್ ಇನ್ಶೂರೆನ್ಸ್ ಅಂಡ್ ಅಲೈಡ್ ಸರ್ವೀಸಸ್. ಸುಮಾರು 300 ಪುಟ, ಪುಟ ತಿರುಗಿಸಿದರೆ ಟೇಬಲ್ಲು. ನಮ್ಮ ಲ್ಯಾಬ್ ಮ್ಯಾನ್ಯುಯಲ್‌ಗಿಂತ ಬೋರ್ ಹೊಡೆಸಬೇಕಿದ್ದ ಈ ಪುಸ್ತಕ, ಅದರ ಚಿಕ್ಕ ಆವೃತ್ತಿಯೂ ಸೇರಿ, ಲಕ್ಷಗಟ್ಟಲೆ ಮಾರಾಟ ಆಯ್ತು. ಬರೆದವರು ಸರ್ ವಿಲಿಯಂ ಬೆವರಿಜ್.

ಸರ್ಕಾರದ ಹತ್ರ ಇರೋ ದುಡ್ಡಲ್ಲಿ ಮುದುಕರಿಗೆಷ್ಟು, ಕೆಲಸ ಕಳ್ಕೊಂಡವರಿಗೆಷ್ಟು, ಮಕ್ಕಳಿಗೆಷ್ಟು? ಇದನ್ನು ಸಾಮಾನ್ಯವಾಗಿ ಬಜೆಟ್ ದಿನ ಟಿವಿಯಲ್ಲಿ ಕೇಳಿ ನಾವು ಮರೆತುಬಿಡ್ತೀವಿ. ಈ ಮನುಷ್ಯ ಮಾತ್ರ ಇಡೀ ಜೀವನ ಇದೇ ಲೆಕ್ಕದ ಹಿಂದೆ ಬಿದ್ದಿದ್ದರು.

ಬೆವರಿಜ್ ಹುಟ್ಟಿದ್ದು 1879ರಲ್ಲಿ ರಂಗಪುರದಲ್ಲಿ. ಆಗ ಅದು ಬ್ರಿಟಿಷರ ಬಂಗಾಳ, ಈಗ ಬಾಂಗ್ಲಾದೇಶ. ಅಪ್ಪ ಐಸಿಎಸ್ ಅಧಿಕಾರಿ, ಜಡ್ಜ್. ಅಮ್ಮ ಆನೆಟ್, ಕಲ್ಕತ್ತಾದಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ಶುರು ಮಾಡಿದಾಕೆ. ಬಾಬರ್‌ನಾಮಾವನ್ನು ಇಂಗ್ಲಿಷಿಗೆ ಅನುವಾದ ಮಾಡಿದ್ದೂ ಇವರೇ. ಮಗ ಆಕ್ಸ್‌ಫರ್ಡ್‌ನಲ್ಲಿ ಗಣಿತ ಮತ್ತು ಪ್ರಾಚೀನ ಭಾಷೆಗಳಲ್ಲಿ ಫಸ್ಟ್ ಕ್ಲಾಸ್. ಲಾ ಪ್ರಾಕ್ಟೀಸ್ ಮಾಡ್ಕೊಂಡು ಆರಾಮಾಗಿ ಇರಬಹುದಿತ್ತು. ಅದು ಬಿಟ್ಟು 1903ರಲ್ಲಿ ಪೂರ್ವ ಲಂಡನ್ನಿನ ಬಡವರ ಬೀದಿಗಳಲ್ಲಿದ್ದ ಟಾಯ್ನ್‌ಬೀ ಹಾಲ್ ಅನ್ನೋ ಸಂಸ್ಥೆಗೆ ಸೇರಿದರು. ಕೆಲಸ ಇಲ್ಲದವರನ್ನು ಹತ್ತಿರದಿಂದ ನೋಡಿದ್ದು ಅಲ್ಲೇ. ಅವರಿಗೆ ಕರುಣೆಗಿಂತ ಸಿಸ್ಟಮ್ ಮೇಲೆ ನಂಬಿಕೆ ಜಾಸ್ತಿ. ಒಬ್ಬನಿಗೆ ಕೆಲಸ ಇಲ್ಲ ಅಂದ್ರೆ ಅವನು ಸೋಮಾರಿ ಅಂತಲೇ ಅರ್ಥ ಅಲ್ಲ, ಉದ್ಯಮದ ವ್ಯವಸ್ಥೆಯಲ್ಲೇ ಎಲ್ಲೋ ತಪ್ಪಿದೆ ಅಂತ 1909ರಲ್ಲಿ ಒಂದು ಪುಸ್ತಕವನ್ನೇ ಬರೆದರು.

1907ರಲ್ಲಿ ಜರ್ಮನಿಗೆ ಹೋಗಿ ಬಂದದ್ದು ಅವರ ಯೋಚನೆಯನ್ನೇ ಬದಲಾಯಿಸಿತು. ಅಲ್ಲಿ ಬಿಸ್ಮಾರ್ಕ್ ಕಾಲದಿಂದಲೇ ಕಾರ್ಮಿಕ, ಮಾಲೀಕ ಇಬ್ಬರೂ ದುಡ್ಡು ಕಟ್ಟುವ ವಿಮೆ ಇತ್ತು. ಬ್ರಿಟನ್ನಿನಲ್ಲಿ 1908ರಲ್ಲಿ ಬಂದ ವೃದ್ಧಾಪ್ಯ ಪೆನ್ಷನ್ ಬೇರೆ ತರಹದ್ದು: ಪೂರ್ತಿ ತೆರಿಗೆ ದುಡ್ಡು. 70 ವರ್ಷ ಆಗಿರಬೇಕು, ಬಡವರಾಗಿರಬೇಕು, ನಡತೆಯೂ ಸರಿ ಇರಬೇಕು. ಆಗ ಸಿಗೋದು ವಾರಕ್ಕೆ 5 ಶಿಲಿಂಗ್ (20 ಶಿಲಿಂಗ್ ಅಂದ್ರೆ ಒಂದು ಪೌಂಡ್). ತೆರಿಗೆಯಿಂದ ಕೊಟ್ಟರೆ ಸರ್ಕಾರ ಮನೆಗೆ ಬಂದು ನೀನು ನಿಜವಾಗಿ ಬಡವನಾ ಅಂತ ಪರೀಕ್ಷೆ ಮಾಡುತ್ತೆ. ಕಷ್ಟಪಟ್ಟು ಉಳಿಸಿದವನಿಗೆ ಕಡಿಮೆ, ಉಳಿಸದವನಿಗೆ ಪೂರ್ತಿ. ಅದೇ ನಾವೇ ವಾರವಾರ ಕಟ್ಟಿದ್ದರೆ ಯಾರ ಮುಂದೆಯೂ ಕೈ ಚಾಚಬೇಕಿಲ್ಲ, ಅದು ಹಕ್ಕು. ಬೆವರಿಜ್ ಕೊನೆಯವರೆಗೂ ಈ ಎರಡನೇ ದಾರಿ ಬಿಡಲಿಲ್ಲ.

ಆಮೇಲೆ ಚರ್ಚಿಲ್ ಕೈಕೆಳಗೆ ಸರ್ಕಾರಿ ನೌಕರಿ, 1910ರಲ್ಲಿ ಶುರುವಾದ ಉದ್ಯೋಗ ವಿನಿಮಯ ಕೇಂದ್ರಗಳು, 1911ರ ವಿಮಾ ಕಾಯ್ದೆ. ಆಮೇಲೆ 1919ರಿಂದ 1937ರ ತನಕ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಡೈರೆಕ್ಟರ್. ಆ ಸಂಸ್ಥೆಯನ್ನು ದೊಡ್ಡದು ಮಾಡಿದರು, ಜೊತೆಗೆ ಅಲ್ಲಿನ ಪ್ರೊಫೆಸರ್‌ಗಳ ಜೊತೆ ಚೆನ್ನಾಗಿ ಜಗಳವನ್ನೂ ಆಡಿದರು. ಬುದ್ಧಿ ಇತ್ತು, ಸಹನೆ ಇರಲಿಲ್ಲ. ನಮ್ಮ ಪ್ರಾಜೆಕ್ಟ್ ಗ್ರೂಪ್‌ನಲ್ಲಿ ಇಂಥ ಒಬ್ಬರಿದ್ದರೆ ಮಾರ್ಕ್ಸ್ ಬರುತ್ತೆ, ನೆಮ್ಮದಿ ಇರಲ್ಲ.

ಈ ನಡುವೆ 1931ರಲ್ಲಿ ಆರ್ಥಿಕ ಕುಸಿತದ ಹೊಡೆತಕ್ಕೆ ಬ್ರಿಟಿಷ್ ಸರ್ಕಾರ ನಿರುದ್ಯೋಗಿಗಳ ಖರ್ಚು ಕಡಿಮೆ ಮಾಡೋಕೆ ಮನೆಮನೆಯ ಆದಾಯ ಪರೀಕ್ಷೆ ತಂತು. ಅಧಿಕಾರಿ ಮನೆ ಒಳಗೆ ಬಂದು ಯಾರ್ಯಾರು ಎಷ್ಟು ದುಡೀತಾರೆ ಅಂತ ಬರ್ಕೊಳ್ಳೋರು. ಮಗಳಿಗೆ ಕೆಲಸ ಸಿಕ್ಕಿತಾ, ಅಪ್ಪನ ಭತ್ಯೆ ಕಟ್. ಅಪ್ಪ ಮಗಳ ಸಂಬಳದಲ್ಲಿ ಬದುಕಬೇಕು ಅಂತ ಎಷ್ಟೋ ಮನೆಗಳು ಒಡೆದವು. ಆ ಅವಮಾನವನ್ನು ಜನ ಮರೆಯಲೇ ಇಲ್ಲ. 1942ರ ಕ್ಯೂ ಅಷ್ಟು ಉದ್ದ ಇದ್ದದ್ದು ಯಾಕೆ ಅಂತ ಇಲ್ಲಿ ಅರ್ಥ ಆಗುತ್ತೆ.

ತಮಾಷೆ ಅಂದ್ರೆ ಆ ವರದಿ ಬರೆಯೋ ಕೆಲಸ ಬೆವರಿಜ್‌ಗೆ ಬೇಕೇ ಇರಲಿಲ್ಲ. ಯುದ್ಧಕಾಲದ ಕಾರ್ಮಿಕ ವ್ಯವಸ್ಥೆ ತಾವೇ ನಡೆಸಬೇಕು ಅಂತ ಆಸೆ. ಕಾರ್ಮಿಕ ಮಂತ್ರಿ ಅರ್ನೆಸ್ಟ್ ಬೆವಿನ್‌ಗೆ ಇವರ ಕಾಟ ತಡೆಯೋಕಾಗದೆ, 1941ರಲ್ಲಿ ವಿಮೆಗಳ ಪರಿಶೀಲನೆ ಅನ್ನೋ ಸಪ್ಪೆ ಸಮಿತಿಗೆ ಸಾಗಹಾಕಿದರು. ಸುದ್ದಿ ಕೇಳಿ ಬೆವರಿಜ್ ಕಣ್ಣಲ್ಲಿ ನೀರು ಬಂತು ಅಂತಾರೆ. ಸಮಿತಿಯ ಉಳಿದವರೆಲ್ಲ ಸರ್ಕಾರಿ ಅಧಿಕಾರಿಗಳು. ವಿಷಯ ರಾಜಕೀಯಕ್ಕೆ ತಿರುಗಿದಾಗ ವರದಿಗೆ ಸಹಿ ಹಾಕಿದ್ದು ಬೆವರಿಜ್ ಒಬ್ಬರೇ.

ವರದಿಯಲ್ಲಿ ಬಡತನ, ರೋಗ, ಅಜ್ಞಾನ, ಕೊಳಕು, ನಿರುದ್ಯೋಗ ಅನ್ನೋ ಐದು ರಾಕ್ಷಸರ ಮಾತು ಬರುತ್ತೆ, ಎಲ್ಲರೂ ಅದನ್ನೇ ನೆನಪಿಟ್ಕೊಂಡಿದ್ದಾರೆ. ನಮಗೆ ಮಾತ್ರ ಇಷ್ಟ ಆದದ್ದು ಟೇಬಲ್ಲುಗಳೇ. ಬಾಡಿಗೆ, ಊಟ, ಬಟ್ಟೆ, ಉರುವಲು ಎಲ್ಲ ಕೂಡಿಸಿ, ಬದುಕೋಕೆ ಒಬ್ಬರಿಗೆ ವಾರಕ್ಕೆ 24 ಶಿಲಿಂಗ್, ಗಂಡ ಹೆಂಡತಿಗೆ 40 ಅಂತ ಲೆಕ್ಕ ಹಾಕಿದರು. ಕಾರ್ಮಿಕ ವಾರಕ್ಕೆ 4 ಶಿಲಿಂಗ್ 3 ಪೆನ್ಸ್ ಕಟ್ಟಬೇಕು, ಮಾಲೀಕ 3 ಶಿಲಿಂಗ್ 3 ಪೆನ್ಸ್. 1945ರ ಅಂದಾಜು ಖರ್ಚು 69.7 ಕೋಟಿ ಪೌಂಡ್, ಅದರಲ್ಲಿ ಅರ್ಧದಷ್ಟು ಖಜಾನೆಯದು. ಪೆನ್ಷನ್‌ಗೆ 12.6 ಕೋಟಿ. 1965ರ ಹೊತ್ತಿಗೆ ಪೆನ್ಷನ್ ಒಂದೇ 30 ಕೋಟಿಗೆ ಏರುತ್ತೆ ಅಂತಲೂ ಬರೆದಿದ್ದರು.

ಆ ಏರಿಕೆ ನೋಡಿ ಖಜಾನೆಯವರು ಬೆಚ್ಚಿಬಿದ್ದರು. ಆಗ ಮಧ್ಯೆ ಬಂದದ್ದು ಅರ್ಥಶಾಸ್ತ್ರಜ್ಞ ಕೇನ್ಸ್. ಮೊದಲ ಐದು ವರ್ಷ ಖಜಾನೆಯ ಹೆಚ್ಚುವರಿ ಹೊರೆ ವರ್ಷಕ್ಕೆ 10 ಕೋಟಿ ಪೌಂಡ್ ದಾಟದಿದ್ದರೆ ಬೆಂಬಲ ಕೊಡ್ತೀನಿ ಅಂದರು. ಬೆವರಿಜ್ ಮತ್ತೆ ಪೆನ್ಸಿಲ್ ಹಿಡಿದರು. ಮಕ್ಕಳ ಭತ್ಯೆಯಿಂದ ಮೊದಲ ಮಗುವನ್ನು ಬಿಟ್ಟರು. ಪೂರ್ತಿ ಪೆನ್ಷನ್ 20 ವರ್ಷದಲ್ಲಿ ಮೆಲ್ಲಮೆಲ್ಲಗೆ ಬರಲಿ ಅಂದರು: ಶುರುವಿನಲ್ಲಿ ಒಬ್ಬರಿಗೆ 14 ಶಿಲಿಂಗ್, ದಂಪತಿಗೆ 25. ಕೆಲಸ ಕಳ್ಕೊಂಡ ದಂಪತಿಗೆ ಮೊದಲ ದಿನವೇ 40, ವಯಸ್ಸಾದ ದಂಪತಿಗೆ 25. ಬದುಕೋಕೆ ಎಷ್ಟು ಬೇಕು ಅಂತ ತಾವೇ ಲೆಕ್ಕ ಹಾಕಿ, ಅದಕ್ಕಿಂತ ಕಡಿಮೆ ಕೊಡಿ ಅಂತಲೂ ತಾವೇ ಬರೆಯಬೇಕಾಯ್ತು. 70 ವರ್ಷದವರಿಗೆ 20 ವರ್ಷ ಕಾಯಿರಿ ಅನ್ನೋದು ಎಂಥ ಮಾತು! ಆದರೆ ಆ ಮಿತಿ ಒಪ್ಪದಿದ್ದರೆ ಇಡೀ ವರದಿ ಕಪಾಟು ಸೇರುತ್ತಿತ್ತೇನೋ.

ಹೆಂಗಸರ ವಿಷಯದಲ್ಲಂತೂ ನಾವು ಅವರ ಪರ ನಿಲ್ಲೋಕಾಗಲ್ಲ. ಮದುವೆಯಾದವಳು ಗಂಡನ ವಿಮೆಯ ನೆರಳಲ್ಲೇ ಇರಲಿ ಅಂತ ಇಡೀ ಡಿಸೈನ್ ಮಾಡಿದ್ದರು. ಆಗಿನ ಮಹಿಳೆಯರೇ ಇದನ್ನು ಬರಹದಲ್ಲಿ ಪ್ರಶ್ನೆ ಮಾಡಿದರು.

ಚರ್ಚಿಲ್ ಯುದ್ಧ ಮುಗೀಲಿ ನೋಡೋಣ ಅನ್ನೋ ಧಾಟಿಯಲ್ಲಿದ್ದರು. 1943ರ ಫೆಬ್ರವರಿಯಲ್ಲಿ ಪಾರ್ಲಿಮೆಂಟಿನಲ್ಲಿ ಲೇಬರ್ ಸದಸ್ಯರು ದೊಡ್ಡ ಸಂಖ್ಯೆಯಲ್ಲಿ ಬಂಡೆದ್ದರು. 1944ರಲ್ಲಿ ಬೆವರಿಜ್ ಲಿಬರಲ್ ಪಕ್ಷದಿಂದ ಎಂಪಿ ಆದರು, ಮರುವರ್ಷವೇ ಸೋತರು. ಯೋಜನೆ ಜಾರಿ ಮಾಡಿದ್ದು ಗೆದ್ದ ಲೇಬರ್ ಸರ್ಕಾರ. 1946ರ ಕಾಯ್ದೆಯಲ್ಲಿ ಪ್ರಧಾನಿ ಆಟ್ಲಿ ಸರ್ಕಾರ 20 ವರ್ಷ ಕಾಯೋದನ್ನೇ ಕಿತ್ತುಹಾಕಿ, ಒಬ್ಬರಿಗೆ 26, ದಂಪತಿಗೆ 42 ಶಿಲಿಂಗ್ ಒಂದೇ ಸಲಕ್ಕೆ ಕೊಟ್ಟಿತು. ಮುದುಕರು ಕಾಯಲಿಲ್ಲ. ಆದರೆ ಕೂಡಿಟ್ಟ ನಿಧಿ ಇಲ್ಲವಲ್ಲ! ಇವತ್ತು ದುಡಿಯೋರು ಕಟ್ಟಿದ್ದು ಇವತ್ತಿನ ಪೆನ್ಷನ್‌ದಾರರಿಗೆ ಹೋಗೋ ಪದ್ಧತಿ ಗಟ್ಟಿಯಾಯ್ತು. ನಾವು ಲೆಕ್ಕ ನೋಡೋರು, ಆದರೂ ಈ ಒಂದು ಕಡೆ ನಮ್ಮ ವೋಟು ಆಟ್ಲಿಗೇ.

ಈ ಅಲೆ ಭಾರತಕ್ಕೂ ಬಂತು. 1943ರಲ್ಲಿ ಕಾರ್ಖಾನೆ ಕಾರ್ಮಿಕರ ಆರೋಗ್ಯ ವಿಮೆಗೆ ಯೋಜನೆ ಮಾಡೋಕೆ ಪ್ರೊಫೆಸರ್ ಬಿ. ಪಿ. ಅಡಾರ್ಕರ್ ಅವರನ್ನು ನೇಮಿಸಿದರು. ಅದರಿಂದ ಹುಟ್ಟಿದ್ದು 1948ರ ಇಎಸ್ಐ ಕಾಯ್ದೆ. ಬೆಂಗಳೂರಿನ ರಾಜಾಜಿನಗರದ ಇಎಸ್ಐ ಆಸ್ಪತ್ರೆಯ ಹಿಂದೆ ಇರೋದೂ ಅದೇ ಲೆಕ್ಕ: ಕಾರ್ಮಿಕನದಿಷ್ಟು, ಮಾಲೀಕನದಿಷ್ಟು.

ಬೆವರಿಜ್ ಯೋಜನೆಯ ಬಿರುಕು ಕಂಡದ್ದು ನಿಧಾನಕ್ಕೆ. ಸಾಹುಕಾರನೂ ಕೂಲಿಯವನೂ ಒಂದೇ ಮೊತ್ತ ಕಟ್ಟಬೇಕು ಅಂದಮೇಲೆ, ಅತಿ ಕಡಿಮೆ ಸಂಬಳದವನು ಎಷ್ಟು ಕಟ್ಟಬಲ್ಲನೋ ಅದರ ಮೇಲೆ ಎಲ್ಲರ ಕಂತೂ ನಿಂತಿತು. ಅದನ್ನು ಏರಿಸೋಕಾಗದೆ ಪೆನ್ಷನ್ನೂ ಸಾಕಷ್ಟು ಏರಲಿಲ್ಲ. ಬೆಲೆಗಳು ಮಾತ್ರ ಏರಿದವು. ಪೆನ್ಷನ್ ಸಾಲದವರು ಮತ್ತೆ ಆದಾಯ ಪರೀಕ್ಷೆಯ ಸಹಾಯಧನಕ್ಕೆ ಅರ್ಜಿ ಹಾಕಬೇಕಾಯ್ತು. ಆ ಸಹಾಯಧನ ಕಾಲಕ್ರಮೇಣ ಕರಗಿಹೋಗುತ್ತೆ ಅಂತ ಬೆವರಿಜ್ ಅಂದ್ಕೊಂಡಿದ್ದರು, ಅದು ಬೆಳೀತಾ ಹೋಯ್ತು. ಲಾರ್ಡ್ಸ್ ಸಭೆಯಲ್ಲಿ ಎದ್ದು ನಿಂತು, ಬೆಲೆಯೇರಿಕೆ ಪೆನ್ಷನ್ನನ್ನು ತಿಂದುಹಾಕ್ತಿದೆ ಅಂತ ವಯಸ್ಸಾದ ಬೆವರಿಜ್ ದೂರುತ್ತಿದ್ದರು. 1961ರಲ್ಲಿ ಸಂಬಳಕ್ಕೆ ತಕ್ಕಂತೆ ಹೆಚ್ಚುವರಿ ಕಂತು, ಅದಕ್ಕೆ ತಕ್ಕ ಹೆಚ್ಚುವರಿ ಪೆನ್ಷನ್ ಶುರುವಾಯ್ತು. ಎಲ್ಲರಿಗೂ ಒಂದೇ ಕಂತು ಅನ್ನೋ ಅವರ ನಿಯಮ ಮುರಿದದ್ದನ್ನು ಬದುಕಿದ್ದಾಗಲೇ ನೋಡಿದರು. ಎರಡು ವರ್ಷದ ನಂತರ, 1963ರ ಮಾರ್ಚ್ 16ರಂದು, ಆಕ್ಸ್‌ಫರ್ಡ್‌ನಲ್ಲಿ ತೀರಿಕೊಂಡರು. ಆಗ 84 ವರ್ಷ.